ಊರಿನ ಲೆಕ್ಕ ತೆರೆದೇ ಇದೆ, ಓದುವವರು ಬೇಕು

ಕಳೆದ ಬೇಸಿಗೆಯಲ್ಲಿ, ತಂದೆಯವರ ಹೆಸರಿನಲ್ಲಿದ್ದ ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲೆಂದು ಪುಣೆಯಿಂದ ಬೆಳಗಾವಿ ಜಿಲ್ಲೆಯ ನಮ್ಮ ಊರಿಗೆ ಹೋಗಿದ್ದೆ. ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕರ ವಸೂಲಿಗಾರರು ರಿಜಿಸ್ಟರ್ ತೆರೆದು ನೋಡಿ, ತುಸು ಸಂಕೋಚದಿಂದಲೇ ಹೇಳಿದರು: "ಸಾಹೇಬ್ರ, ನಿಮ್ಮ ಮನಿ ಕರ ಒಂಬತ್ತು ವರ್ಷದ್ದು ಬಾಕಿ ಐತ್ರಿ." ನಾನು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಪರರು ತೆರಿಗೆಯ ಕೊನೆಯ ದಿನಾಂಕವನ್ನು ಮರೆಯದಂತೆ ನೋಡಿಕೊಳ್ಳುವುದೇ ನನ್ನ ಜೀವನೋಪಾಯ. ಪುಣೆಯ ಫ್ಲಾಟಿನ ಆಸ್ತಿ ತೆರಿಗೆಯನ್ನು ರಿಯಾಯಿತಿಯ ದಿನಾಂಕದೊಳಗೆ ತಪ್ಪದೆ ಕಟ್ಟುವ ನಾನು, ಹುಟ್ಟಿದ ಮನೆಯ ಕರವನ್ನು ತಂದೆಯವರು ತೀರಿಕೊಂಡ ಮೇಲೆ ಒಮ್ಮೆಯೂ ನೆನೆದಿರಲಿಲ್ಲ. ಯಾರೂ ನೋಟಿಸು ಕೊಡಲಿಲ್ಲ, ಯಾರೂ ಕೇಳಲಿಲ್ಲ ಎಂಬ ಸಮಾಧಾನವನ್ನು ಹೇಳಿಕೊಳ್ಳಬಹುದಿತ್ತು. ಆದರೆ ಅದೇ ಸಮಾಧಾನವನ್ನು ನನ್ನ ಕಕ್ಷಿದಾರನೊಬ್ಬ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಬಾಕಿ ಕಟ್ಟಿ ರಸೀದಿ ಪಡೆಯುವವರೆಗೆ ಅರ್ಧ ಗಂಟೆ ಕಾಯಬೇಕಾಯಿತು. ಎದುರಿನ ಸೂಚನಾ ಫಲಕದಲ್ಲಿ ಹಿಂದಿನ ವರ್ಷದ ಜಮಾ-ಖರ್ಚಿನ ಪಟ್ಟಿ ಅಂಟಿಸಲ್ಪಟ್ಟಿತ್ತು. ಬಿಸಿಲಿಗೆ ಮಸುಕಾಗಿದ್ದರೂ ಓದಲು ಬರುತ್ತಿತ್ತು. ವೃತ್ತಿಯ ಅಭ್ಯಾಸದಿಂದ ಎದ್ದು ನಿಂತು ಓದಿದೆ. ಸಿಮೆಂಟ್ ರಸ್ತೆ, ಚರಂಡಿ ನಿರ್ಮಾಣ, ಸಮುದಾಯ ಭವನದ ಮುಂದುವರಿದ ಕಾಮಗಾರಿ ಇವು ಪಟ್ಟಿಯ ಬಹುಪಾಲನ್ನು ಆಕ್ರಮಿಸಿದ್ದವು. ಚರಂಡಿಯ ಹೂಳೆತ್ತುವುದು, ಮೋಟಾರು ದುರಸ್ತಿ, ಕೊಳವೆ ಸೋರಿಕೆ, ಬ್ಲೀಚಿಂಗ್ ಪುಡಿ ಇವು ಕೊನೆಯಲ್ಲಿ ಎರಡು ಸಾಲುಗಳಲ್ಲಿ ಮುಗಿದಿದ್ದವು. ನಾನು ಓದುತ್ತಿರುವುದನ್ನು ಕಂಡು ಅಲ್ಲಿದ್ದ ಇಬ್ಬರು ಹಿರಿಯರು ಬೆರಗಾದರು. ಆ ಹಾಳೆಯನ್ನು ಯಾರಾದರೂ ಓದುತ್ತಾರೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ಗ್ರಾಮದ ಸಾರ್ವಜನಿಕ ಹಣದ ವಿಷಯ ಬಂದಾಗಲೆಲ್ಲ ನಾವು, ಊರು ಬಿಟ್ಟು ನಗರಗಳಲ್ಲಿ ನೆಲೆಸಿದವರು, ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತೇವೆ: "ಎಲ್ಲಾ ತಿಂದು ಹಾಕುತ್ತಾರೆ." ತಿನ್ನುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾನು ಕಂಡಂತೆ ದೊಡ್ಡ ನಷ್ಟ ಬೇರೆಡೆ ಇದೆ. ಕಟ್ಟಿದ್ದನ್ನು ಕಾಪಾಡಿಕೊಳ್ಳಲು ಹಣವಿಲ್ಲದೆ, ಮತ್ತೆ ಮತ್ತೆ ಹೊಸದನ್ನು ಕಟ್ಟುವುದರಲ್ಲಿ ಆ ನಷ್ಟವಿದೆ. ಕಾಪಾಡಿಕೊಳ್ಳಲು ಬೇಕಾದ ಹಣ ಯಾವುದೆಂದು ಹುಡುಕುತ್ತ ಹೋದರೆ, ದಾರಿ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಲೆಕ್ಕದ ವಿಷಯದಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳು ಹಿಂದುಳಿದಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಅಡಿಯಲ್ಲಿ 2006ರಲ್ಲಿ ರೂಪಿಸಿದ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ಪಂಚಾಯಿತಿಗಳಿಗೆ ಜೋಡಿ ನಮೂದು ಪದ್ಧತಿಯನ್ನು ವಿಧಿಸಿದವು. ಎಷ್ಟೋ ಖಾಸಗಿ ಅಂಗಡಿಗಳಲ್ಲಿ ಇಂದಿಗೂ ಇಲ್ಲದ ಶಿಸ್ತು ಇದು. 'ಪಂಚತಂತ್ರ' ಎಂಬ ತಂತ್ರಾಂಶದಲ್ಲಿ ಕರದ ಬೇಡಿಕೆ, ವಸೂಲಿ, ಪಾವತಿ ಎಲ್ಲವೂ ದಾಖಲಾಗುತ್ತವೆ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ 'ಇ-ಗ್ರಾಮಸ್ವರಾಜ್' ಜಾಲತಾಣದಲ್ಲಿ ದೇಶದ ಪಂಚಾಯಿತಿಗಳ ವಾರ್ಷಿಕ ಯೋಜನೆ ಮತ್ತು ವೆಚ್ಚದ ವಿವರಗಳನ್ನು ಯಾರು ಬೇಕಾದರೂ ನೋಡಬಹುದು. ಬೋರಿವಲಿಯಲ್ಲಿ ಕುಳಿತವರು ಅಥಣಿ ತಾಲ್ಲೂಕಿನ ತಮ್ಮ ಊರಿನ ಲೆಕ್ಕವನ್ನು ಮೊಬೈಲಿನಲ್ಲಿ ತೆರೆಯಲು ಹೆಚ್ಚು ಹೊತ್ತು ಬೇಕಿಲ್ಲ. ಲೆಕ್ಕ ಇದೆ. ಅದನ್ನು ಕೇಳುವವರ ಸಂಖ್ಯೆ ಕಡಿಮೆ.

ಆ ಲೆಕ್ಕವನ್ನು ಓದಬೇಕಾದರೆ ಮೊದಲು ಜಮಾ ಭಾಗವನ್ನು ತಿಳಿಯಬೇಕು. ಪಂಚಾಯಿತಿಗೆ ಹಣ ಮುಖ್ಯವಾಗಿ ನಾಲ್ಕು ದಾರಿಗಳಿಂದ ಬರುತ್ತದೆ. ಒಂದು, ಕೇಂದ್ರ ಹಣಕಾಸು ಆಯೋಗದ ಅನುದಾನ. ಎರಡು, ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ. ಇದರ ದೊಡ್ಡ ಪಾಲು ಕುಡಿಯುವ ನೀರಿನ ಪಂಪು ಮತ್ತು ಬೀದಿ ದೀಪಗಳ ವಿದ್ಯುತ್ ಬಿಲ್ಲಿಗೂ ಸಿಬ್ಬಂದಿಯ ವೇತನಕ್ಕೂ ಹೋಗುತ್ತದೆ. ಮೂರು, ಉದ್ಯೋಗ ಖಾತರಿ, ವಸತಿ, ಸ್ವಚ್ಛತೆಯಂಥ ಯೋಜನೆಗಳ ಹಣ; ಇದಕ್ಕೆ ಉದ್ದೇಶ ಮೊದಲೇ ನಿಗದಿಯಾಗಿರುತ್ತದೆ. ನಾಲ್ಕು, ಮನೆ ಕರ, ನೀರಿನ ಕರ, ಅಂಗಡಿ ಬಾಡಿಗೆ, ಸಂತೆ ಸುಂಕ ಮೊದಲಾದ ಸ್ವಂತ ವರಮಾನ.

ಮೊದಲ ದಾರಿಯಿಂದ ಬರುವ ಹಣ ಚಿಕ್ಕದಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ 5 ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಆದರೆ ಅದಕ್ಕೆ ಕಟ್ಟುಗಳಿದ್ದವು. ಒಂದು ಪಂಚಾಯಿತಿಗೆ 10 ಲಕ್ಷ ರೂಪಾಯಿ ಬಂತೆಂದು ಭಾವಿಸೋಣ. ಅದರಲ್ಲಿ 3 ಲಕ್ಷವನ್ನು ಸ್ವಚ್ಛತೆಗೆ, 3 ಲಕ್ಷವನ್ನು ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ ಬಳಸಬೇಕಿತ್ತು. ಉಳಿದ 4 ಲಕ್ಷವನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ವಿನಿಯೋಗಿಸಬಹುದಿತ್ತು; ಆದರೆ ಅದನ್ನು ಸಂಬಳಕ್ಕೂ ಕಚೇರಿ ಖರ್ಚಿಗೂ ಬಳಸುವಂತಿರಲಿಲ್ಲ. ಸಂಬಳಕ್ಕೆ ಸಲ್ಲದ ಹಣ ಸಹಜವಾಗಿ ಗುತ್ತಿಗೆಯ ಕಾಮಗಾರಿಗೆ ಹೋಗುತ್ತದೆ. ಅಂದಾಜು ಪಟ್ಟಿ ಮಾಡುವುದು, ಅಳತೆ ಪುಸ್ತಕದಲ್ಲಿ ಬರೆಯುವುದು, ಬಿಲ್ಲು ಪಾಸು ಮಾಡುವುದು ಇವೆಲ್ಲಕ್ಕೂ ಸಿಮೆಂಟ್ ಕೆಲಸ ಸುಲಭ. ಚರಂಡಿ ಕಟ್ಟುವುದಕ್ಕೆ ಹಣ ಸಿಗುತ್ತದೆ. ಅದನ್ನು ವಾರಕ್ಕೊಮ್ಮೆ ಶುಚಿಗೊಳಿಸುವ ಸ್ವಚ್ಛತಾಗಾರನ ಕೂಲಿಗೆ ಸಿಗುವುದಿಲ್ಲ.

ನಾಲ್ಕನೆಯ ದಾರಿಯ ಹಣ ಮೊತ್ತದಲ್ಲಿ ಸಾಮಾನ್ಯವಾಗಿ ಚಿಕ್ಕದು. ಆದರೂ ಪಂಚಾಯಿತಿ ತನ್ನ ವಿವೇಚನೆಯಿಂದ ಹೆಚ್ಚು ಸ್ವತಂತ್ರವಾಗಿ ಖರ್ಚು ಮಾಡಬಹುದಾದ ಹಣ ಅದೊಂದೇ. ಪೂರ್ಣ ಸ್ವತಂತ್ರವೆಂದಲ್ಲ. ಕರದೊಂದಿಗೆ ವಸೂಲಾಗುವ ಆರೋಗ್ಯ, ಶಿಕ್ಷಣ, ಗ್ರಂಥಾಲಯ ಮತ್ತು ಭಿಕ್ಷುಕರ ಉಪಕರಗಳು ಆಯಾ ಇಲಾಖೆಗೆ ಸಲ್ಲಬೇಕು. ಪರಿಶಿಷ್ಟರ ಕಲ್ಯಾಣಕ್ಕೂ ಅಂಗವಿಕಲರ ನೆರವಿಗೂ ನಿಗದಿತ ಪಾಲನ್ನು ತೆಗೆದಿಡಬೇಕು. ಉಳಿದದ್ದರಲ್ಲಿ ರಾತ್ರಿ ಸುಟ್ಟ ಮೋಟಾರನ್ನು ಮರುದಿನ ರಿವೈಂಡಿಂಗಿಗೆ ಕಳುಹಿಸಬಹುದು, ಒಡೆದ ಕೊಳವೆಯನ್ನು ಸಂಜೆಯೊಳಗೆ ಜೋಡಿಸಬಹುದು, ಸರ್ಕಾರದ ಹಣ ಸಾಲದಿದ್ದಾಗ ವಾಟರ್‌ಮನ್‌ನ ಸಂಬಳದ ಕೊರತೆಯನ್ನು ತುಂಬಬಹುದು. ಇಂಥ ಖರ್ಚಿಗೆ ಕ್ರಿಯಾ ಯೋಜನೆಯ ಮಂಜೂರಾತಿಗಾಗಿ ತಿಂಗಳುಗಟ್ಟಲೆ ಕಾಯಲಾಗದು.

ನೀರಿನ ಉದಾಹರಣೆಯನ್ನೇ ಮುಂದುವರಿಸೋಣ. 2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೂ ನಲ್ಲಿ ಕೊಡುವ ಗುರಿ ಇಟ್ಟುಕೊಂಡಿತು. ನಮ್ಮ ಊರಿನಲ್ಲಿಯೂ ಮನೆಮನೆಗೆ ನಲ್ಲಿ ಬಂದಿದೆ. ಕೊಳವೆ ಹಾಕಿದ ಹಣ ದೆಹಲಿಯಿಂದಲೂ ಬೆಂಗಳೂರಿನಿಂದಲೂ ಬಂತು. ಕೊಳವೆ ಹಾಕಿ ಹಸ್ತಾಂತರಿಸಿದ ಮೇಲೆ ಊರೊಳಗಿನ ವ್ಯವಸ್ಥೆಯ ನಿರ್ವಹಣೆ ಪಂಚಾಯಿತಿಯ ಹೊಣೆ. ನಿರ್ವಹಣೆಗೆ ನೀರಿನ ಕರ ಬೇಕು. ಕರ ಕಟ್ಟುವವರಿಲ್ಲದಿದ್ದರೆ ಮೋಟಾರು ಕೆಟ್ಟು ನಿಲ್ಲುತ್ತದೆ. ನಾಲ್ಕಾರು ವರ್ಷಗಳ ಬಳಿಕ ಅದೇ ಊರಿಗೆ ಇನ್ನೊಂದು ಹೆಸರಿನ ಯೋಜನೆ ಬರುತ್ತದೆ, ಹಳೆಯ ಕೊಳವೆಯ ಪಕ್ಕದಲ್ಲಿ ಹೊಸ ಕೊಳವೆ ಹೂಳಲ್ಪಡುತ್ತದೆ. ಇಲ್ಲಿ ಯಾರೂ ಒಂದು ಪೈಸೆ ಕದಿಯದಿದ್ದರೂ ಸಾರ್ವಜನಿಕರ ಹಣ ಎರಡು ಬಾರಿ ಖರ್ಚಾಯಿತು.

ನಮ್ಮ ವೃತ್ತಿಯಲ್ಲಿ ಸವಕಳಿ ಎಂಬ ಮಾತಿದೆ. ಯಂತ್ರ ಕೊಂಡ ದಿನದಿಂದಲೇ ಅದು ಸವೆಯುತ್ತದೆ. ಆ ಸವೆತವನ್ನು ಪ್ರತಿ ವರ್ಷದ ಲೆಕ್ಕದಲ್ಲಿ ತೋರಿಸದ ಕಂಪನಿ ತನ್ನನ್ನು ತಾನೇ ವಂಚಿಸಿಕೊಳ್ಳುತ್ತದೆ. ಊರಿನ ನೀರಿನ ಟ್ಯಾಂಕು, ಶಾಲೆಯ ಶೌಚಾಲಯ, ಬೀದಿ ದೀಪಗಳೂ ಸವೆಯುತ್ತವೆ. ಆದರೆ ಸವೆತವನ್ನು ತಡೆದವರ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ. ಹೊಸ ಭವನಕ್ಕೆ ಅಡಿಗಲ್ಲು ಇಡಬಹುದು, ಉದ್ಘಾಟನೆ ಮಾಡಬಹುದು, ಶಾಸಕರನ್ನು ಕರೆದು ಹಾರ ಹಾಕಬಹುದು. ಹಳೆಯ ಚರಂಡಿಯ ಹೂಳೆತ್ತಿದ್ದಕ್ಕೆ ಸಮಾರಂಭ ನಡೆದದ್ದನ್ನು ನಾನು ಕಂಡಿಲ್ಲ. ಸದಸ್ಯರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಮತದಾರರೂ "ನಮ್ಮ ವಾರ್ಡಿಗೆ ಏನು ಕಟ್ಟಿಸಿದಿರಿ?" ಎಂದು ಕೇಳುತ್ತಾರೆಯೇ ಹೊರತು "ಕಟ್ಟಿದ್ದನ್ನು ಹೇಗೆ ಇಟ್ಟುಕೊಂಡಿದ್ದೀರಿ?" ಎಂದು ಕೇಳುವುದು ಅಪರೂಪ.

ಹಾಗಾದರೆ ಭ್ರಷ್ಟಾಚಾರದ ಮಾತು ಸುಳ್ಳೇ? ಅಲ್ಲ. ಅಳತೆ ಪುಸ್ತಕದಲ್ಲಿ ಆರು ಅಂಗುಲವಿದ್ದ ಕಾಂಕ್ರೀಟು ನೆಲದ ಮೇಲೆ ನಾಲ್ಕು ಅಂಗುಲವಾಗುವುದು, ಒಂದೇ ಕೆಲಸಕ್ಕೆ ಎರಡು ಲೆಕ್ಕಶೀರ್ಷಿಕೆಗಳಿಂದ ಬಿಲ್ಲು ಪಡೆಯುವುದು ಇವು ಯಾವುದೇ ಲೆಕ್ಕಪರಿಶೋಧಕನಿಗೆ ಪರಿಚಿತ ವಿದ್ಯೆಗಳೇ. ಪಾವತಿಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇಬ್ಬರ ಅನುಮೋದನೆಯೂ ಬೇಕೆಂಬುದು ಒಂದು ತಡೆ. ಇಬ್ಬರೂ ಒಂದಾದರೆ ಆ ತಡೆ ಉಳಿಯುವುದಿಲ್ಲ. ರಾಜ್ಯ ಲೆಕ್ಕಪತ್ರ ಇಲಾಖೆಯವರು ಪರಿಶೋಧನೆ ಮಾಡಿ ಆಕ್ಷೇಪಣೆಯ ಕಂಡಿಕೆಗಳನ್ನು ಬರೆಯುತ್ತಾರೆ. ಅವಕ್ಕೆ ಅನುಪಾಲನಾ ವರದಿ ಬರುವುದು ತಡವಾಗುತ್ತದೆ. ಕಾಗದವನ್ನು ಕಾಗದದೊಂದಿಗೆ ಹೋಲಿಸುವ ಪರಿಶೋಧಕನಿಗಿಂತ, ರಸ್ತೆಯ ಮೇಲೆ ನಿತ್ಯ ನಡೆಯುವ ಮನುಷ್ಯನೇ ಉತ್ತಮ ಸಾಕ್ಷಿ.

ಕರ್ನಾಟಕದ ಕಾನೂನು ಈ ಸತ್ಯವನ್ನು ಅರಿತೇ 'ಜಮಾಬಂದಿ'ಗೆ ಅವಕಾಶ ಮಾಡಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ, ಹಿಂದಿನ ಆರ್ಥಿಕ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಗ್ರಾಮಸ್ಥರ ಮುಂದೆ ಪರಿಶೀಲಿಸಬೇಕು. ಹೊರಗಿನಿಂದ ಬಂದ ಅಧಿಕಾರಿಗಳ ತಂಡ ಕಡತವನ್ನೂ ನೋಡುತ್ತದೆ, ಸ್ಥಳವನ್ನೂ ನೋಡುತ್ತದೆ. ಜನರು ಪ್ರಶ್ನೆ ಕೇಳಬಹುದು. ಹಳೆಯ ಕಾಲದ ಕಂದಾಯ ಪದವನ್ನು ಪ್ರಜೆಗಳ ಕೈಗೆ ಕೊಟ್ಟ ಒಳ್ಳೆಯ ಪದ್ಧತಿ ಇದು. ಆದರೆ ನಮ್ಮ ಊರಿನಲ್ಲಿ ಅದರ ದಿನಾಂಕವನ್ನು ವಿಚಾರಿಸಿದಾಗ, ನನ್ನ ಓರಗೆಯವರಲ್ಲಿ ಹೆಚ್ಚಿನವರಿಗೆ ಆ ಹೆಸರೇ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ಗ್ರಾಮ ಮಟ್ಟದ ಮಾತಾಯಿತು. ಅದರ ಮೇಲಿನ ಹಂತಗಳ ಸ್ಥಿತಿ ಇನ್ನಷ್ಟು ಚಿಂತೆಗೆ ಕಾರಣವಾಗಿದೆ. ಅಧಿಕಾರ ಮತ್ತು ಹಣವನ್ನು ಜಿಲ್ಲೆಗೆ ಇಳಿಸುವ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದ ರಾಜ್ಯ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನದಿಂದ 1983ರ ಕಾಯ್ದೆ ಬಂತು. 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕಿಂತ ಮೊದಲೇ ನಾವು ಆ ಹೆಜ್ಜೆ ಇಟ್ಟಿದ್ದೆವು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿದ ಆ ಸಚಿವರನ್ನು ಜನ ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು.

ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಸಂವಿಧಾನದ ಪ್ರಕಾರ ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ಆಗಬೇಕು. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದರ ಮೇಲೊಂದು ಕಾರಣ ಹೇಳುತ್ತ ವರ್ಷಗಳು ಉರುಳಿದವು. ಅಧಿಕಾರದಲ್ಲಿದ್ದ ಪಕ್ಷ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಜನರ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಜಿಲ್ಲೆಯ ಹಣವನ್ನು ನಿರ್ವಹಿಸಿದರು. ಆ ಹಣದಲ್ಲಿ ಶಿಕ್ಷಕರ ಮತ್ತು ಆರೋಗ್ಯ ಸಿಬ್ಬಂದಿಯ ವೇತನವೇ ದೊಡ್ಡ ಭಾಗ. ಅದನ್ನು ಬದಲಾಯಿಸಲು ಚುನಾಯಿತರಿಗೂ ಅವಕಾಶ ಕಡಿಮೆ. ಆದರೂ ಯಾವ ಶಾಲೆಯ ಮಾಳಿಗೆ ಮೊದಲು ದುರಸ್ತಿಯಾಗಬೇಕು, ಯಾವ ಆರೋಗ್ಯ ಕೇಂದ್ರಕ್ಕೆ ಔಷಧ ಸಾಲದಾಗಿದೆ ಎಂದು ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯನಿಗೂ, ಟಿಪ್ಪಣಿ ಬರೆದು ಕಡತ ಮುಂದಿಡುವ ಅಧಿಕಾರಿಗೂ ವ್ಯತ್ಯಾಸವಿದೆ. ಷೇರುದಾರರ ಸಭೆಯನ್ನೇ ಕರೆಯದೆ ವರ್ಷಗಟ್ಟಲೆ ನಡೆಯುವ ಕಂಪನಿಯ ವರದಿಗೆ ನಾನು ಸಹಿ ಹಾಕಲಾರೆ. ನಮ್ಮ ಸಮಾಜದ ಮುಖಂಡರು ಬೆಂಗಳೂರಿನಲ್ಲಿ ಮಂತ್ರಿಗಳನ್ನು ಭೇಟಿಯಾಗುವಾಗ ನಿಗಮ, ಅನುದಾನ, ನಿವೇಶನಗಳ ಬೇಡಿಕೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು.

ಇನ್ನು ನಮ್ಮ ವಿಷಯ. ನಾವು ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳ ಮತದಾರರು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಗ್ರಾಮ ಸಭೆಯ ಸದಸ್ಯರೂ ಅಲ್ಲ. ಆದುದರಿಂದ ಊರಿನ ನಿರ್ಣಯಗಳನ್ನು ನಾವು ಮಾಡುವಂತಿಲ್ಲ, ಮಾಡಬಾರದು ಕೂಡ. ಅಲ್ಲಿ ಬದುಕುವವರದೇ ಆ ಹಕ್ಕು. ಆದರೆ ಅಲ್ಲಿ ನಮ್ಮ ಮನೆಗಳಿವೆ. ಬೀಗ ಹಾಕಿದ ಮನೆಯ ಮುಂದೆಯೂ ಬೀದಿ ದೀಪ ಉರಿಯುತ್ತದೆ. ವರ್ಷಕ್ಕೆರಡು ಬಾರಿ ನಾವು ಬಂದಾಗ ನಲ್ಲಿಯಲ್ಲಿ ನೀರು ಬರಬೇಕೆಂದು ಬಯಸುತ್ತೇವೆ. "ಇರದ ಮನೆಗೆ ಕರವೇಕೆ?" ಎನ್ನುವವರಿದ್ದಾರೆ. ಮನೆ ಕರವನ್ನು ವಿಧಿಸುವುದು ಕಟ್ಟಡದ ಮೇಲೆ, ವಾಸದ ಮೇಲೆ ಅಲ್ಲ. ಆ ಮನೆಯ ಮೌಲ್ಯವನ್ನು ಉಳಿಸಿದ್ದು ಅದರ ಮುಂದಿನ ರಸ್ತೆ ಮತ್ತು ನೀರು. "ಸೌಕರ್ಯ ಕೊಡಲಿ, ಆಮೇಲೆ ಕಟ್ಟುತ್ತೇವೆ" ಎನ್ನುವವರಿಗೆ ಒಂದೇ ಮಾತು: ಸೌಕರ್ಯ ಉಳಿಯದಿರುವುದಕ್ಕೆ ಒಂದು ಕಾರಣವೇ ನಾವು ಕಟ್ಟದಿರುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧ ರಾಜ್ಯಾತಿಕ್ರಮವನ್ನು ಹಿರಿಯರು ಎಣಿಸಿದ್ದಾರೆ. ರಾಜ್ಯಕ್ಕೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು ಬರಿಯ ಮರೆವಲ್ಲ ಎಂದು ನನ್ನ ಒಂಬತ್ತು ವರ್ಷಗಳ ಬಾಕಿ ನನಗೆ ನೆನಪಿಸಿತು.

ಲೆಕ್ಕ ಕೇಳುವ ಕಲೆ ನಮ್ಮವರಿಗೆ ಹೊಸದಲ್ಲ. ಪಂಚಕಲ್ಯಾಣ ಮುಗಿದ ಮೇಲೆ ಬಸದಿಯ ಅಂಗಳದಲ್ಲಿ ಸಮಿತಿಯವರು ಜಮಾ-ಖರ್ಚು ಓದುತ್ತಾರೆ. ಸವಾಲಿನಲ್ಲಿ ಎಷ್ಟು ಬಂತು, ಮಂಟಪಕ್ಕೆ ಎಷ್ಟಾಯಿತು, ಊಟಕ್ಕೆ ಎಷ್ಟಾಯಿತು ಎಂದು ಕೊಟ್ಟವರೆಲ್ಲ ಕುಳಿತು ಕೇಳುತ್ತಾರೆ. ಒಂದು ಅಂಕಿ ಹೊಂದದಿದ್ದರೆ ಮುಂಬೈಯಿಂದ ಬಂದವರೂ ಎದ್ದು ಪ್ರಶ್ನಿಸುತ್ತಾರೆ. ಆ ಹಣ ತಮ್ಮದೆಂಬ ಭಾವನೆಯೇ ಅದಕ್ಕೆ ಕಾರಣ. ಪಂಚಾಯಿತಿಯ ಹಣ 'ಸರ್ಕಾರದ್ದು' ಎಂಬ ಭಾವನೆ ಇರುವವರೆಗೆ ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕರ ಕಟ್ಟಿದವನಿಗೆ ಮಾತ್ರ ಅದು ತನ್ನ ಹಣವೆಂಬ ಅರಿವು ಮೂಡುತ್ತದೆ.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ನಾಲ್ಕು. ಊರಿನ ಮನೆಯ ಕರದ ಬಾಕಿ ಎಷ್ಟಿದೆ ಎಂದು ಈ ತಿಂಗಳೇ ವಿಚಾರಿಸಿ, ಕಟ್ಟಿ, ರಸೀದಿ ಪಡೆಯಿರಿ. ನಿಮ್ಮ ಪಂಚಾಯಿತಿಯ ಯೋಜನೆ ಮತ್ತು ವೆಚ್ಚವನ್ನು ಇ-ಗ್ರಾಮಸ್ವರಾಜ್‌ನಲ್ಲಿ ಒಮ್ಮೆ ತೆರೆದು ನೋಡಿ; ಅಲ್ಲಿ ಸಿಗದ್ದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ವಿನಯದಿಂದ ಕೇಳಿ, 30 ದಿನಗಳೊಳಗೆ ಉತ್ತರ ಬರಬೇಕು. ಊರಿನಲ್ಲಿರುವ ಅಣ್ಣತಮ್ಮಂದಿರಿಗೆ, ಮುಖ್ಯವಾಗಿ ಅಕ್ಕತಂಗಿಯರಿಗೆ, ಜಮಾಬಂದಿಯ ದಿನ ಹೋಗಲು ಹೇಳಿ. ನೀರು ತುಂಬುವವರಿಗೇ ಮೋಟಾರು ಎಷ್ಟು ದಿನ ಕೆಟ್ಟಿತ್ತೆಂದು ಚೆನ್ನಾಗಿ ಗೊತ್ತು. ನಾಲ್ಕನೆಯದು ದಾನಿಗಳಿಗೆ: ಊರಿಗೆ ಸ್ವಾಗತ ಕಮಾನನ್ನೋ ಬಸ್ ನಿಲ್ದಾಣದ ಆಸರೆಯನ್ನೋ ಕಟ್ಟಿಸಿ ಹಿರಿಯರ ಹೆಸರು ಬರೆಸುವ ಮುನ್ನ, ಅದನ್ನು ಮುಂದಿನ ಹತ್ತು ವರ್ಷ ಯಾರು, ಯಾವ ಹಣದಿಂದ ನೋಡಿಕೊಳ್ಳುತ್ತಾರೆಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಹಣವನ್ನು ಶಾಲೆಯ ಶೌಚಾಲಯದ ನೀರಿನ ವ್ಯವಸ್ಥೆಗೆ ಕೊಡಿ. ಹೆಸರು ಬರೆಯಲು ಅಲ್ಲಿ ಜಾಗ ಕಡಿಮೆ, ಉಪಯೋಗ ಹೆಚ್ಚು.

ರಸೀದಿ ಪಡೆದು ಹೊರಬರುವಾಗ ವಾಟರ್‌ಮನ್ ಬಾಗಿಲಲ್ಲಿ ಸಿಕ್ಕರು. ನನ್ನ ಬಾಲ್ಯದಲ್ಲಿ ಅವರ ತಂದೆಯೇ ಆ ಕೆಲಸ ಮಾಡುತ್ತಿದ್ದರು. ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದೆ. "ಬರ್ತೈತ್ರಿ ಅಣ್ಣಾರ, ತಡಾ ಆಗ್ತೈತಿ ಅಷ್ಟ" ಎಂದರು. ಆ ತಡಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ನನ್ನದೊಂದನ್ನು ಅಂದು ತೀರಿಸಿದೆ. ಈ ವರ್ಷದ ಜಮಾಬಂದಿಗೆ ರಜೆ ಹಾಕಿ ಊರಿಗೆ ಹೋಗುವವನಿದ್ದೇನೆ. ಪ್ರಶ್ನೆ ಕೇಳುವುದನ್ನು ಊರಿನವರಿಗೆ ಬಿಟ್ಟು, ಅವರ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಓದಿ ಹೇಳುವ ಕೆಲಸವನ್ನು ನಾನು ಮಾಡಬಲ್ಲೆ.